ನೀರಿನ ಮೇಲ್ಮೈ ಸೀಳುವ ಕಂಬದ ಪಕ್ಕದ ಪೊಳ್ಳು: ಗಾಳಿಯೋ, ಆವಿಯೋ?

ಪ್ರಶ್ನೆ: ಹೈಡ್ರೋಫಾಯಿಲ್ (ದೋಣಿಯನ್ನು ಮೇಲೆತ್ತುವ ನೀರೊಳಗಿನ ರೆಕ್ಕೆ) ಮಾದರಿಯೊಂದನ್ನು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಎಳೆಯುತ್ತ, ಅದರ ಲಂಬ ಕಂಬವನ್ನು ಹರಿವಿನ ದಿಕ್ಕಿಗೆ ಓರೆಯಾಗುವಂತೆ ಮೆಲ್ಲಗೆ ತಿರುಗಿಸುತ್ತಿದ್ದಾಗ, ಒಂದು ಪಕ್ಕದಲ್ಲಿ ಮೇಲ್ಮೈಯಿಂದ ಬೆಳ್ಳಗಿನ ಪೊಳ್ಳೊಂದು ಸರ್ರನೆ ಕೆಳಗಿಳಿದು ಪಕ್ಕಬಲ ಥಟ್ಟನೆ ಕುಸಿಯಿತು. ಇದು ಕ್ಯಾವಿಟೇಶನ್ (ಒತ್ತಡ ಕುಸಿದು ನೀರೇ ಆವಿಯಾಗಿ ಪೊಳ್ಳಾಗುವುದು) ಇರಬಹುದೇ?

ಉತ್ತರ 1: ಇರಲಾರದು. ಕ್ಯಾವಿಟೇಶನ್ ಆಗಲು ಒತ್ತಡವು ನೀರಿನ ಆವಿಯೊತ್ತಡಕ್ಕೆ, ಅಂದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.3 ಕಿಲೋಪಾಸ್ಕಲ್‌ಗೆ ಇಳಿಯಬೇಕು. ನಿಮ್ಮ ವೇಗದಲ್ಲಿ ಚಲನಾ ಒತ್ತಡ (ಹರಿವಿನ ವೇಗದಿಂದ ಬರುವ ಒತ್ತಡ) ಕೇವಲ 18 ಕಿಲೋಪಾಸ್ಕಲ್ ಆದ್ದರಿಂದ, ಮೇಲ್ಮೈಯ ಹತ್ತಿರ ಒತ್ತಡದ ಗುಣಾಂಕ (ಒತ್ತಡದ ಇಳಿಕೆ ಚಲನಾ ಒತ್ತಡದ ಎಷ್ಟು ಪಟ್ಟು ಎಂಬ ಸಂಖ್ಯೆ; ಇಳಿಕೆಗೆ ಮೈನಸ್ ಗುರುತು) ಮೈನಸ್ 5ನ್ನೂ ಮೀರಬೇಕಾಗುತ್ತದೆ. ಮುಂಚೂಣಿಯ ಅಂಚನ್ನು ಬಿಟ್ಟರೆ ಬೇರೆಲ್ಲೂ ಅದು ನಡೆಯುವ ಮಾತಲ್ಲ. ನೀವು ಕಂಡದ್ದು ವೆಂಟಿಲೇಶನ್, ಅಂದರೆ ಮೇಲ್ಮೈಯಿಂದ ಗಾಳಿ ಒಳನುಗ್ಗಿ ಆದ ಪೊಳ್ಳು. ಅದಕ್ಕೆ ಒತ್ತಡವು ವಾತಾವರಣದ್ದಕ್ಕಿಂತ ಕಡಿಮೆಯಿದ್ದು, ಹರಿವು ಮೈಬಿಟ್ಟ ನಿಧಾನಗತಿಯ ಪ್ರದೇಶಕ್ಕೆ ಗಾಳಿ ನುಗ್ಗಲು ದಾರಿ ಸಿಕ್ಕರೆ ಸಾಕು.

ಪ್ರಶ್ನಿಸಿದವರು: ಕೋನವನ್ನು ಹಿಂದಕ್ಕೆ ತಂದರೂ ಪೊಳ್ಳು ಮುಚ್ಚಲಿಲ್ಲವಲ್ಲ?

ಉತ್ತರ 2: ಅದೇ ಇದರ ಕಿರಿಕಿರಿ. ಒಮ್ಮೆ ತೆರೆದ ಪೊಳ್ಳಿಗೆ ಮೇಲಿನಿಂದ ಗಾಳಿ ಪೂರೈಕೆಯಾಗುತ್ತಲೇ ಇರುವುದರಿಂದ, ಅದು ಆರಂಭವಾದ ಕೋನಕ್ಕಿಂತ ಬಹಳ ಕಡಿಮೆ ಕೋನಕ್ಕೆ ಇಳಿಸಿದ ಮೇಲೆಯೇ, ಅಥವಾ ವೇಗ ತಗ್ಗಿಸಿದ ಮೇಲೆಯೇ, ನೀರು ಮತ್ತೆ ಮೈಗಂಟುತ್ತದೆ. ಗಾಳಿ ಕೆಳಗಿಳಿಯುವುದನ್ನು ತಡೆಯಲು, ಮೇಲ್ಮೈಗೆ ತುಸು ಕೆಳಗೆ, ಹರಿವಿನ ದಿಕ್ಕಿಗೆ ಸಮಾಂತರವಾಗಿ, ಕಂಬದ ಸುತ್ತ ತೆಳು ತಡೆಪಟ್ಟಿಯೊಂದನ್ನು ಕೂರಿಸಿ ನೋಡಿ. ಒಂದು ಎಚ್ಚರಿಕೆ: ಪೂರ್ಣಗಾತ್ರದ ದೋಣಿಯ ವೇಗ ಸೆಕೆಂಡಿಗೆ 14 ಮೀಟರ್ ದಾಟಿದರೆ ಗುಣಾಂಕ ಮೈನಸ್ 1 ಆದರೂ ಆವಿಯ ಪೊಳ್ಳು ಹುಟ್ಟಬಲ್ಲದು, ಆಮೇಲೆ ಅದರೊಳಕ್ಕೂ ಗಾಳಿ ನುಗ್ಗಬಹುದು.