ಮುಂದೆ ಮೂರು ಕಣ್ಣಿರೋ ಹಳೇ ಕ್ಯಾಮರಾ ಸಿಕ್ಕಿದೆ, ತಗೋಬಹುದಾ?

ಮೈಸೂರ್_ಟು_ಮಿಲ್ವಾಕೀ:
ಎಲ್ರಿಗೂ ನಮಸ್ಕಾರ. ಶನಿವಾರ ಇಲ್ಲೊಬ್ರು ಮನೆ ಖಾಲಿ ಮಾಡ್ತಾ ಸಾಮಾನೆಲ್ಲ ಮಾರ್ತಿದ್ರು, ಅಲ್ಲೊಂದು ಕ್ಯಾಮರಾ ನೋಡ್ದೆ, ಅಡ್ಡಕ್ಕೆ ಉದ್ದ, ಒಳ್ಳೇ ತೂಕ, ಮುಂದಿನ ಮುಚ್ಚಳ ಎತ್ತಿದ್ರೆ ಸಾಲಾಗಿ ಮೂರು ಗಾಜು! ಕಣ್ಣಿಟ್ಟು ನೋಡೋ ಕಿಂಡಿ ಹಿಂದುಗಡೆ ಕೆಳಗಿದೆ. ಲೆನ್ಸ್ ಸುತ್ತ ಡೇವಿಡ್ ವೈಟ್, 3.5 ಅಂತ ಬರ್ದಿದೆ. 90 ಡಾಲರ್ ಹೇಳ್ತಿದ್ದಾರೆ ಆದ್ರೆ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ, ಫೋಕಸ್ ಚಕ್ರ ತಿರುಗಿಸಿದ್ರೆ ಲೆನ್ಸು ಅಲ್ಲಾಡಲ್ಲ. ಕೆಟ್ಟಿದ್ಯಾ?

ಹಳೇರೀಲು:
ಅದು ಸ್ಟೀರಿಯೋ ರಿಯಲಿಸ್ಟ್ ಸರ್, ಎಡಗಣ್ಣಿಗೊಂದು ಬಲಗಣ್ಣಿಗೊಂದು ಅಂತ ಒಂದೇ ಸಲ ಜೋಡಿ ಚಿತ್ರ ತೆಗೆಯೋ 3ಡಿ ಕ್ಯಾಮರಾ, ನಿಮ್ಮೂರಲ್ಲೇ ಹುಟ್ಟಿದ್ದು! ಮಿಲ್ವಾಕೀಯ ಡೇವಿಡ್ ವೈಟ್ ಕಂಪನಿ 1947ರಿಂದ 1971ರವರೆಗೆ ಮಾಡ್ತು, ಡಿಸೈನ್ ಸೀಟನ್ ರಾಚ್‌ವೈಟ್ ಅವರದ್ದು. ಅಕ್ಕಪಕ್ಕದ ಎರಡು ಕಣ್ಣು ಫೋಟೋ ತೆಗೆಯೋಕೆ, ನಡುವಿಂದು ವ್ಯೂಫೈಂಡರಿಗೆ. ಲೆನ್ಸ್ ಅಲ್ಲಾಡದೇ ಇರೋದು ಸರಿಯಾಗೇ ಇದೆ, ಇದ್ರಲ್ಲಿ ಫೋಕಸ್ ಮಾಡಿದಾಗ ಸರಿಯೋದು ಒಳಗೆ ಫಿಲಂ ಕೂರೋ ಚೌಕಟ್ಟು. ಬಟನ್ ಒತ್ತೋಕೆ ಮುಂಚೆ ಲೆನ್ಸ್ ಕೆಳಗಿರೋ ಪುಟ್ಟ ಲಿವರ್ ಎಳೆದು ಶಟರ್ (ಬೆಳಕು ಬಿಡೋ ಬಾಗಿಲು) ಕಾಕ್ ಮಾಡ್ಬೇಕು, ಅಂದ್ರೆ ಹೊಡೆಯೋಕೆ ಸಜ್ಜು ಮಾಡ್ಬೇಕು, ಜೊತೆಗೆ ಒಂದೇ ಫ್ರೇಮಲ್ಲಿ ಎರಡು ಸಲ ತೆಗೆಯದಂಗೆ ತಡೆ ಬೇರೆ ಇದೆ, ಫಿಲಂ ಮುಂದೆ ಸರಿಯದೇ ಬಟನ್ ಕೆಲಸ ಮಾಡದೇ ಇರ್ಬಹುದು, ಅದಕ್ಕೇ ಒಂದು ವೇಸ್ಟ್ ರೋಲ್ ತಗೊಂಡ್ಹೋಗಿ ಹಾಕಿ ನೋಡಿ.

ಮುಖ್ಯವಾಗಿ ನೋಡ್ಬೇಕಾದ್ದು ಎರಡೂ ಕಣ್ಣು ಒಟ್ಟಿಗೆ ಕೆಲಸ ಮಾಡ್ತವಾ ಅಂತ. ಶಟರ್ ಒಂದು ಸೆಕೆಂಡಿಗಿಟ್ಟು ಮುಂದಿಂದ ನೋಡಿ, ಎರಡೂ ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಕೋಬೇಕು. ಗ್ರೀಸ್ ಒಣಗಿ ಒಂದು ಕಡೆ ನಿಧಾನವಾದ್ರೆ ಒಂದು ಚಿತ್ರ ಬೆಳ್ಳಗೆ ಇನ್ನೊಂದು ಕಪ್ಪಗೆ ಬರುತ್ತೆ, ಜೋಡಿ ಕೂಡಲ್ಲ. ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತಿನ ಅಳತೆ) ತಿರುಗಿಸಿ ಎರಡೂ ತೂತು ಒಂದೇ ಅಳತೆಗೆ ಕಿರಿದಾಗ್ತವಾ ನೋಡಿ, ಟಾರ್ಚ್ ಬಿಟ್ಟು ಗಾಜಲ್ಲಿ ಫಂಗಸ್ ಇದ್ಯಾ ನೋಡಿ. ಮೇಲಿನ ಗೀರು ಪಾರು ತಲೆ ಕೆಡಿಸ್ಕೋಬೇಡಿ.

ಕರಾವಳಿ_ಕ್ಲಿಕ್:
ಹೊಸಬ್ರಾಗಿದ್ರೆ 1954ರ ಕೊಡ್ಯಾಕ್ ಸ್ಟೀರಿಯೋನೂ ನೋಡಿ ಅಣ್ಣ, ಅದ್ರ ವ್ಯೂಫೈಂಡರ್ ಒಳಗೇ ನೀರುಗುಳ್ಳೆ ಮಟ್ಟ ಕಾಣ್ಸುತ್ತೆ, ಸ್ಟೀರಿಯೋದಲ್ಲಿ ಸ್ವಲ್ಪ ಓರೆಯಾದ್ರೂ ತಲೆನೋವು. ರಷ್ಯಾದ ಸ್ಪುಟ್ನಿಕ್ ಅನ್ನೋ ಸ್ಟೀರಿಯೋ ಕ್ಯಾಮರಾಗೆ ಮಾತ್ರ ಆಸೆ ಬೀಳ್ಬೇಡಿ, ಅಗಲವಾದ 120 ಫಿಲಂ ಅಂತ ಚಿತ್ರವೇನೋ ದೊಡ್ಡದು, ಆದ್ರೆ ಆ ಬೇಕಲೈಟ್ (ಹಳೇ ಕಾಲದ ಪ್ಲಾಸ್ಟಿಕ್) ಬಾಡಿಗೆ ಬೆಳಕು ನುಗ್ಗೋ ಕಾಯಿಲೆ.

ನೆಗೆಟಿವ್_ಅಕ್ಕ:
ಲ್ಯಾಬ್ ವಿಷಯ ಯಾರೂ ಹೇಳ್ಲಿಲ್ಲ. ಫಿಲಂ ಅಂಚಲ್ಲಿರೋ ತೂತುಗಳ ಲೆಕ್ಕದಲ್ಲಿ ರಿಯಲಿಸ್ಟ್ ಫ್ರೇಮು ಐದೇ ತೂತಿನ ಅಗಲ, ಮಾಮೂಲಿ 35 ಎಂ.ಎಂ.ಗೆ ಎಂಟು. ಅಷ್ಟೇ ಅಲ್ಲ, ಒಂದು ಜೋಡಿಯ ಎಡ ಬಲದ ಮಧ್ಯೆ ಬೇರೆ ಜೋಡಿಗಳ ಎರಡು ಫ್ರೇಮ್ ಕೂತಿರ್ತವೆ. ನನ್ನ ಮೊದಲನೇ ರೋಲನ್ನ ಲ್ಯಾಬಿನವ್ರು ಮಾಮೂಲಿ ಅಳತೆಗೆ ಕತ್ತರಿಸಿಬಿಟ್ರು, ಅಪ್ಪ ಅಮ್ಮ ಕೂತಿದ್ದ ಫೋಟೋ ನಟ್ಟನಡುವೆ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ‘ಕತ್ತರಿಸದೇ ಕೊಡಿ’ ಅಂತ ಕವರ್ ಮೇಲೆ ದಪ್ಪಕ್ಷರದಲ್ಲಿ ಬರೀರಿ.

ಮೈಸೂರ್_ಟು_ಮಿಲ್ವಾಕೀ:
ಹೋಗಿ ಬಂದೆ! ಲಿವರ್ ಎಳೆದ್ಮೇಲೆ ಶಟರ್ ಬಿತ್ತು, ಒಂದು ಸೆಕೆಂಡಲ್ಲಿ ಎಡಗಡೇದು ತುಸು ಹಿಂದೆ ಬಿದ್ದಂಗೆ ಕಾಣ್ತು, ಅದನ್ನ ತೋರ್ಸಿದ್ಮೇಲೆ 60ಕ್ಕೆ ಕೊಟ್ರು. ಹಳೇರೀಲು ಸರ್, ಅದನ್ನ ಬಿಚ್ಚದೇ ಸರಿ ಮಾಡೋಕಾಗುತ್ತಾ?

ಹಳೇರೀಲು:
ಮೊದಲು ದಿನಕ್ಕೊಂದೈವತ್ತು ಸಲ ಖಾಲಿ ಶಟರ್ ಹೊಡೀರಿ, ಎಷ್ಟೋ ಸಲ ಅಷ್ಟಕ್ಕೇ ಸಡಿಲ ಆಗುತ್ತೆ. ಎಣ್ಣೆ ಮಾತ್ರ ಬಿಡ್ಬೇಡಿ.