ಜನರೇಟರ್‌ಗೆ ಲೋಡ್ ಹಾಕಿದರೆ ವೋಲ್ಟೇಜ್, ಹರ್ಟ್ಜ್ ಎರಡೂ ಇಳಿಯುತ್ತಿವೆ, ಎವಿಆರ್ (ವೋಲ್ಟೇಜ್ ಹಿಡಿದಿಡುವ ಸಾಧನ) ಬದಲಿಸಬೇಕಾ?

ಪ್ರಶ್ನೆ:
15 ಕೆವಿಎ ಡೀಸೆಲ್ ಸೆಟ್, ತ್ರೀ ಫೇಸ್, 4 ಪೋಲ್, ಮೆಕ್ಯಾನಿಕಲ್ ಗವರ್ನರ್ (ಎಂಜಿನ್ ಸ್ಪೀಡ್ ಹಿಡಿದಿಡುವ ಭಾಗ). ಲೋಡ್ ಇಲ್ಲದಾಗ 415 ವೋಲ್ಟ್, 50 ಹರ್ಟ್ಜ್. 10 ಎಚ್‌ಪಿ ಮೋಟರ್ ಓಡುವಾಗ 380 ವೋಲ್ಟ್, 46 ಹರ್ಟ್ಜ್. ಎವಿಆರ್‌ನ ವೋಲ್ಟ್ ಸ್ಕ್ರೂ ತಿರುಗಿಸಿ ಇದನ್ನು ಸರಿಮಾಡಿದರೆ, ಮೋಟರ್ ನಿಲ್ಲಿಸಿದಾಗ 440 ದಾಟುತ್ತೆ.

ಉತ್ತರ 1:
ಎವಿಆರ್ ಕೆಟ್ಟಿಲ್ಲ. 415ನ್ನು 50ರಿಂದ ಭಾಗಿಸಿ, 380ನ್ನು 46ರಿಂದ ಭಾಗಿಸಿ: ಎರಡೂ ಸುಮಾರು 8.3. ಸ್ಪೀಡ್ ಬಿದ್ದಷ್ಟೇ ವೋಲ್ಟೇಜನ್ನು ಎವಿಆರ್ ಬೇಕೆಂದೇ ಇಳಿಸುತ್ತಿದೆ. ಕಡಿಮೆ ಹರ್ಟ್ಜ್‌ನಲ್ಲಿ ಪೂರ್ತಿ ವೋಲ್ಟೇಜ್ ಕೊಟ್ಟರೆ ಮೋಟರ್‌ನ ಕೋರ್ (ಒಳಗಿನ ಕಬ್ಬಿಣ) ಸ್ಯಾಚುರೇಟ್ ಆಗಿ, ಅಂದರೆ ಕಾಂತತೆಯ ಮಿತಿ ತಲುಪಿ, ಬಿಸಿಯಾಗುತ್ತೆ, ಎಕ್ಸೈಟರ್ ಫೀಲ್ಡ್ (ಎವಿಆರ್ ಕರೆಂಟ್ ಕೊಡುವ ಸುರುಳಿ) ಮೇಲೂ ಹೊರೆ ಬೀಳುತ್ತೆ. ಹಾಗಾಗಿ ವೋಲ್ಟ್ ಸ್ಕ್ರೂ ಮೊದಲಿದ್ದ ಜಾಗಕ್ಕೆ ತನ್ನಿ.

ತೊಂದರೆ ಎಂಜಿನ್ ಕಡೆ ಇದೆ. ಈ ಮೋಟರ್ ಎಳೆಯುವುದು ಹೆಚ್ಚೆಂದರೆ 9 ಕಿಲೋವ್ಯಾಟ್, ಸೆಟ್ ಕೊಡಬೇಕಾದ್ದು 12. ಪೂರ್ತಿ ಲೋಡ್‌ನಲ್ಲೂ 4–5 ಶೇಕಡಾ ಇಳಿಯಬೇಕಾದ ಸ್ಪೀಡ್ ನಿಮ್ಮಲ್ಲಿ 8 ಶೇಕಡಾ ಬಿದ್ದಿದೆ. ಲೋಡ್ ಇರುವಾಗ ಪಂಪಿನ ಫ್ಯೂಯಲ್ ಲಿವರ್ ಎಲ್ಲಿ ನಿಂತಿದೆ ನೋಡಿ.

ಪ್ರಶ್ನೆ ಕೇಳಿದವರು:
ಲಿವರ್ ಕೊನೆಯ ಸ್ಟಾಪರ್‌ಗೆ ತಾಗಿ ನಿಂತಿದೆ.

ಉತ್ತರ 1:
ಹಾಗಾದರೆ ಗವರ್ನರ್ ಕೇಳುತ್ತಿದೆ, ಎಂಜಿನ್ ಕೊಡುತ್ತಿಲ್ಲ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ, ಲೈನಿನ ಗಾಳಿ ತೆಗೆಯಿರಿ, ಆಮೇಲೆ ಇಂಜೆಕ್ಟರ್ ಪರೀಕ್ಷಿಸಿ. ಸೀಲ್ ಹಾಕಿರುವ ಗರಿಷ್ಠ ಫ್ಯೂಯಲ್ ಸ್ಕ್ರೂ ಮುಟ್ಟಬೇಡಿ. ಲಿವರ್ ಅರ್ಧದಲ್ಲೇ ನಿಂತಿದ್ದರೆ ಮಾತ್ರ ಗವರ್ನರ್ ಸ್ಪ್ರಿಂಗ್, ಲಿಂಕಿನ ಕೀಲುಗಳನ್ನು ಅನುಮಾನಿಸಬೇಕಿತ್ತು.

ಸರಿಯಾದ ಮೇಲೆ ಎಂಜಿನ್ ಬಿಸಿಯಾಗಲು ಬಿಟ್ಟು, ಲೋಡ್ ಇಲ್ಲದೆ 52 ಹರ್ಟ್ಜ್, ಅಂದರೆ 1560 ಆರ್‌ಪಿಎಂಗೆ ಇಡಿ. ಪೂರ್ತಿ ಲೋಡ್‌ನಲ್ಲಿ 50ರ ಹತ್ತಿರ ನಿಲ್ಲುತ್ತೆ. ಮೆಕ್ಯಾನಿಕಲ್ ಗವರ್ನರ್‌ನಲ್ಲಿ ಖಾಲಿ ಓಟಕ್ಕೇ 50 ಇಡುವುದು ತಪ್ಪು. ವೋಲ್ಟೇಜ್ ಮುಟ್ಟುವುದು ಇದಾದ ಮೇಲೆಯೇ.

ಉತ್ತರ 2:
ಒಂದು ಸೇರಿಸುತ್ತೇನೆ. ನಿಮ್ಮ ಎವಿಆರ್ ಹೆಚ್ಚುಕಡಿಮೆ 50ರಿಂದಲೇ ಇಳಿಸಲು ಶುರುಮಾಡುತ್ತಿದೆ, ಇದು ತೀರಾ ಬೇಗ. ‘ಯುಎಫ್‌ಆರ್‌ಒ’ ಸ್ಕ್ರೂವನ್ನು (ಎಷ್ಟು ಹರ್ಟ್ಜ್‌ಗಿಂತ ಕೆಳಗೆ ವೋಲ್ಟೇಜ್ ಇಳಿಸಬೇಕೆಂದು ಗೊತ್ತುಮಾಡುವುದು) 47ರ ಆಸುಪಾಸಿಗೆ ಹೊಂದಿಸಿ: ಲೋಡ್ ತೆಗೆದು, ಸ್ಪೀಡನ್ನು ಕೈಯಿಂದ 47ಕ್ಕೆ ಇಳಿಸಿ, ವೋಲ್ಟೇಜ್ ಬೀಳಲು ಶುರುವಾಗುವ ಜಾಗದಲ್ಲಿ ಸ್ಕ್ರೂ ನಿಲ್ಲಿಸಿ. ಕೆಲವು ಎವಿಆರ್‌ಗಳಲ್ಲಿ ಆಗ ಎಲ್‌ಇಡಿ ಹೊತ್ತುತ್ತೆ. ಎವಿಆರ್‌ನ 50/60 ಜಂಪರ್ (ಹರ್ಟ್ಜ್ ಆರಿಸುವ ಕೊಂಡಿ) 60ರಲ್ಲಿದ್ದರೂ ಇದೇ ಲಕ್ಷಣ, ಮೊದಲು ಅದನ್ನು ನೋಡಿ.

ಆಮೇಲೆ ದೀಪದ ಬೆಳಕು ಏರಿಳಿದರೆ ಮೀಟರಿನಲ್ಲಿ ಹರ್ಟ್ಜ್ ಗಮನಿಸಿ. ಹರ್ಟ್ಜ್ ಸ್ಥಿರವಾಗಿದ್ದು ವೋಲ್ಟೇಜ್ ಮಾತ್ರ ಆಡುತ್ತಿದ್ದರೆ ಎವಿಆರ್‌ನ ‘ಸ್ಟ್ಯಾಬ್’ (ಸ್ಟೆಬಿಲಿಟಿ) ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಹರ್ಟ್ಜ್ ಕೂಡ ಆಡುತ್ತಿದ್ದರೆ, ಸೆಟ್ ನಿಲ್ಲಿಸಿ ಎವಿಆರ್‌ನ ಫೀಲ್ಡ್ ವೈರ್ ಬಿಚ್ಚಿ, ತುದಿಗಳಿಗೆ ಟೇಪ್ ಸುತ್ತಿ ಖಾಲಿ ಓಡಿಸಿ. ಆಗಲೂ ಎಂಜಿನ್ ಏರಿಳಿದರೆ ಗವರ್ನರ್ ಲಿಂಕಿನ ಸಡಿಲ ಅಥವಾ ಡೀಸೆಲ್ ಲೈನಿನ ಗಾಳಿಯೇ ಕಾರಣ.