ಪದಚರ್ಚೆ: ‘ಪ್ರಾಯೋಗಿಕ’ ಎನ್‌ಕೋಡಿಂಗ್ ಅಂದರೆ ಯಾವುದು?

ಗೆಳೆಯರೇ,

ಡೊಮೈನ್ ಹೆಸರುಗಳ ಬಗ್ಗೆ ಒಂದು ಪುಟ್ಟ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಇಷ್ಟು. 2000ದ ನವೆಂಬರ್‌ನಲ್ಲಿ ವೆರಿಸೈನ್ ಕಂಪನಿ ಡಾಟ್ ಕಾಮ್‌ನಂಥ ಕಡೆ ಬೇರೆ ಲಿಪಿಯ ಹೆಸರುಗಳನ್ನು ನೋಂದಾಯಿಸಿಕೊಳ್ಳಲು ಶುರು ಮಾಡಿತು. ಮೊದಲು ಚೀನಿ, ಜಪಾನಿ, ಕೊರಿಯನ್. ಅಂಥ ಹೆಸರನ್ನು ಒಳಗೆ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆದಿಡಬೇಕು, ಅದೇ ಎನ್‌ಕೋಡಿಂಗ್. ಅದಕ್ಕೆ ಆಗಿನ್ನೂ ಎಲ್ಲರೂ ಒಪ್ಪಿದ ಕ್ರಮ ಇರಲಿಲ್ಲ. ‘ರೇಸ್’ ಎಂಬ ಎನ್‌ಕೋಡಿಂಗ್ ಬಳಸಿ, ಇದು ಪರೀಕ್ಷೆಯ ಹಂತ ಎಂದೇ ಹೇಳಿದ್ದರು. 2003ರ ಮಾರ್ಚ್‌ನಲ್ಲಿ ಇಂಟರ್ನೆಟ್ಟಿನ ಶಿಷ್ಟತೆಗಳನ್ನು ರೂಪಿಸುವ ಐಇಟಿಎಫ್ ‘ಪ್ಯೂನಿಕೋಡ್’ ಎಂಬ ಎನ್‌ಕೋಡಿಂಗನ್ನು ಆರಿಸಿ ಪ್ರಕಟಿಸಿತು. ರೇಸ್‌ನಲ್ಲಿ ಕೂತಿದ್ದ ಹೆಸರುಗಳನ್ನು ಅದಕ್ಕೆ ಬದಲಿಸಬೇಕಾಯಿತು.

ಕರಡಿನಲ್ಲಿ ಸದ್ಯಕ್ಕೆ ‘ಪ್ರಾಯೋಗಿಕ ಎನ್‌ಕೋಡಿಂಗ್‌ನಿಂದ ಪ್ರಮಾಣಿತ ಎನ್‌ಕೋಡಿಂಗ್‌ಗೆ’ ಎಂದಿದೆ. ಓದಿದರೆ ಉಲ್ಟಾ ಅರ್ಥ ಬರುತ್ತದೆ ಅಲ್ವಾ? ‘ಪ್ರಾಯೋಗಿಕವಾಗಿ ಬಸ್ ಓಡಿಸಲಾಗುವುದು’ ಅಂದರೆ ಟ್ರಯಲ್. ಆದರೆ ‘ಪ್ರಾಯೋಗಿಕ ಜ್ಞಾನ’ ಅಂದರೆ ಕೈಯಾರೆ ಮಾಡಿ ಕಲಿತದ್ದು, ಕೆಲಸಕ್ಕೆ ಬರುವಂಥದ್ದು. ಕೆಲಸಕ್ಕೆ ಬರುವುದನ್ನು ಬಿಟ್ಟು ಪುಸ್ತಕದ ಬದನೆಕಾಯಿ ಹಿಡಿದರು ಎಂದು ಯಾರಾದರೂ ಓದಿಕೊಂಡರೆ ತಪ್ಪು ಅವರದಲ್ಲ. ‘ಪ್ರಯೋಗಾತ್ಮಕ’ ಎಂದರೆ ಸಿನಿಮಾ, ನಾಟಕದ ವಾಸನೆ ಜಾಸ್ತಿ. ‘ತಾತ್ಕಾಲಿಕ’ ಸುಲಭ, ಆದರೆ ರೇಸ್ ಹೋಗಿಯೇ ಹೋಗುತ್ತದೆ ಎಂದು 2000ದಲ್ಲಿ ಯಾರು ಹೇಳಬಲ್ಲರು? ಕಣದಲ್ಲಿ ಹಲವು ಕ್ರಮಗಳಿದ್ದವು. ನನ್ನ ಒಲವು ಸುಮ್ನೆ ‘ಪ್ರಯೋಗದ ಹಂತದ’ ಎನ್ನುವ ಕಡೆಗೆ.

‘ಪ್ರಮಾಣಿತ’ ಕೂಡ ಸರ್ಟಿಫಿಕೇಟಿನ ಕಡೆ ವಾಲುತ್ತದೆ. ‘ಯುನಿಕೋಡ್ ಶಿಷ್ಟತೆ’ ಬಳಕೆಯಲ್ಲಿದೆಯಲ್ಲ, ಹಾಗಾಗಿ ‘ಶಿಷ್ಟ’ ಸಾಕು.

ಇನ್ನು ಆ ಬದಲಿಸುವ ಕೆಲಸಕ್ಕೆ ಏನನ್ನಬೇಕು? ‘ವಲಸೆ’ ಎಂದು ಬರೆಯುವ ರೂಢಿ ಇದೆ. ನನಗೆ ಒಗ್ಗುತ್ತಿಲ್ಲ. ‘ಭಾರತ’ ಎಂಬ ನಾಲ್ಕು ಯುನಿಕೋಡ್ ಚಿಹ್ನೆಗಳ ಹೆಸರನ್ನೇ ನೋಡಿ. ರೇಸ್ ಕ್ರಮದಲ್ಲಿ ಲೆಕ್ಕ ಹಾಕಿದರೆ ಅದು ಬಿ ಕ್ಯೂ, ಎರಡು ಅಡ್ಡಗೆರೆ, ಆಮೇಲೆ ಬಿ ಎಸ್ ಡಬ್ಲ್ಯೂ 3 5 ಎಂ ಎಫ್ ಇ. ಪ್ಯೂನಿಕೋಡ್‌ನಲ್ಲಿ ಎಕ್ಸ್ ಎನ್, ಎರಡು ಅಡ್ಡಗೆರೆ, 2 ಎಸ್ ಸಿ ಆರ್ ಜೆ 9 ಸಿ. ಇವತ್ತು ಕನ್ನಡದ ಡಾಟ್ ಭಾರತಕ್ಕೆ ಇರುವುದು ಇದೇ ರೂಪ. ಕೊಂಡವನ ಹೆಸರು ಎಲ್ಲೂ ಹೋಗಲಿಲ್ಲ, ಒಳಗಿನ ಬರಹ ಮಾತ್ರ ಬೇರೆಯಾಯಿತು. ಹಾಗಾಗಿ ‘ಹೆಸರು ಬದಲಾವಣೆ’ ಎನ್ನುವುದಂತೂ ಆಗದು. ‘ಮರುಸಂಕೇತ’ ಹೇಗೆ?

ಆದರೆ ಹೆಸರೇ ಬದಲಾಗುವ ಪ್ರಸಂಗವೂ ಇದೆ, ಅದೂ ನಮ್ಮ ಲಿಪಿಯಲ್ಲೇ. ‘ರ‍್ಯಾಂಕ್’ ಬರೆಯಲು ರಕಾರದ ನಂತರ, ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ, ಕಣ್ಣಿಗೆ ಕಾಣದ ಚಿಹ್ನೆ ಝೆಡ್‌ಡಬ್ಲ್ಯೂಜೆ ಹಾಕುತ್ತೇವೆ. 2003ರ ಕ್ರಮ ಅದನ್ನು ಕಿತ್ತು ಹಾಕುತ್ತಿತ್ತು. ಉಳಿಯುವುದು ‘ರ್ಯಾಂಕ್’, ‘ಸೂರ್ಯ’ದ ಹಾಗೆ ಅರ್ಕಾವತ್ತು ಹೊತ್ತು. 2010ರ ಹೊಸ ನಿಯಮ ಝೆಡ್‌ಡಬ್ಲ್ಯೂಜೆಗೆ ಒಳಗೆ ಬರಲು ಬಿಟ್ಟಿತು, ಆದರೆ ಅದು ಹಲಂತದ (‘್’ ಚಿಹ್ನೆಯ) ನಂತರ ಬಂದರೆ ಮಾತ್ರ. ನಮ್ಮದು ಹಲಂತಕ್ಕಿಂತ ಮೊದಲೇ ಕೂರುತ್ತದೆ!

ಹೀಗೆ ಸದ್ದಿಲ್ಲದೆ ಚಿಹ್ನೆ ಬಿಟ್ಟುಹೋಗುವುದಕ್ಕೆ ‘ಲೋಪ’ ಎನ್ನಬಹುದೇ, ಅಥವಾ ಸಂಧಿಯ ಲೋಪದ ಜೊತೆ ಗೊಂದಲವಾದೀತೇ? ವ್ಯಾಕರಣ ಬಲ್ಲವರು ತಿಳಿಸಿ.